ಹೆಡ್‌ಲೈಟ್ ಬೆಳಕು ಸಾಲ್ತಿಲ್ಲ: ಬಲ್ಬ್ ಬದಲಿಸಬೇಕಾ, ವೈರಿಂಗ್ ನೋಡಬೇಕಾ?

ಕೊಟ್ಟಿಗೆಹಾರ_ದಾರಿ

ಎಲ್ಲರಿಗೂ ನಮಸ್ಕಾರ. ನನ್ನದು 2013ರ ವ್ಯಾಗನ್ ಆರ್, ಪೆಟ್ರೋಲ್ ಗಾಡಿ. ಕೆಲಸದ ಮೇಲೆ ಚಾರ್ಮಾಡಿ ಘಾಟಿ ಇಳಿದು ಉಜಿರೆಗೆ ಆಗಾಗ ಹೋಗಬೇಕು, ವಾಪಸ್ ಹತ್ತುವಾಗ ಕತ್ತಲಾಗಿರುತ್ತೆ. ಡಿಮ್‌ನಲ್ಲಿ ರಸ್ತೆ ಅಂಚು ಸರಿಯಾಗಿ ಕಾಣಲ್ಲ. ಮಳೆಗಾಲದಲ್ಲಂತೂ ಬಿಳಿ ಗೆರೆಯೂ ಮಾಯ, ತಡೆಗೋಡೆ ಎಲ್ಲಿದೆ ಅಂತ ಹುಡುಕಿಕೊಂಡು ಹೋಗಬೇಕು. ಬಲ್ಬು ಎಚ್4, ಕಂಪನಿಯಿಂದ ಬಂದ ಹಾಗೇ 60/55 ವ್ಯಾಟ್, ಅಂದ್ರೆ ಒಂದೇ ಬಲ್ಬಿನಲ್ಲಿ ಹೈಗೆ 60, ಡಿಮ್ಮಿಗೆ 55. ಹೊಸ ಜೋಡಿ ಹಾಕಿ ನೋಡಿದೆ, ಹೇಳಿಕೊಳ್ಳುವಂಥ ಬದಲಾವಣೆ ಇಲ್ಲ. ಅಕ್ಸೆಸರಿ ಅಂಗಡಿಯವರು ಎಲ್‌ಇಡಿ ಹಾಕಿಸಿ ಅಂತಾರೆ. ಗ್ಯಾರೇಜಿನವರು 100/90 ಬಲ್ಬು ಹಾಕಿ ಅಂತಾರೆ. ಇನ್ನೊಬ್ಬರು ಬಂಪರ್ ಕೆಳಗೆ ಫಾಗ್ ಲ್ಯಾಂಪ್ ಕೂರಿಸಿ ಅಂತಾರೆ. ಮನೆ ವೈರಿಂಗ್ ಕೆಲಸ ನಾನೇ ಮಾಡಿಕೊಳ್ಳುತ್ತೇನೆ, ಸೋಲ್ಡರ್ ಮಾಡಲು ಬರುತ್ತೆ. ಹಾಗಾಗಿ ಮನೆಯಲ್ಲೇ ಮಾಡಬಹುದಾದ, ಎದುರಿನವರ ಕಣ್ಣಿಗೆ ಹೊಡೆಯದ ದಾರಿ ಯಾವುದು ಅಂತ ತಿಳಿದವರು ಹೇಳಿ.

ಬಿಟಿಎಂ_ಸವಾರ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಎಲ್‌ಇಡಿ ಬಲ್ಬ್ ಹಾಕಿ. ಹಳೇ ಬಲ್ಬ್ ತೆಗೆದು ಇದನ್ನ ಸಿಕ್ಕಿಸಿದರೆ ಆಯ್ತು, ಹತ್ತು ನಿಮಿಷದ ಕೆಲಸ. ನನ್ನ ಗಾಡಿಗೆ ಹಾಕಿದ ಮೇಲೆ ಮುಂದೆ ಹಗಲಾದಂಗೆ ಕಾಣುತ್ತೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಬೇಕಾದಷ್ಟು ಸಿಗುತ್ತೆ, ವೈರ್ ಕಟ್ ಮಾಡೋದೇ ಬೇಡ.

ಹಾಸನ_ವೈರಿಂಗ್

ಕೊಟ್ಟಿಗೆಹಾರ ಸರ್, ಏನನ್ನೂ ಕೊಳ್ಳುವ ಮೊದಲು ಒಂದು ಮಲ್ಟಿಮೀಟರ್ ಹಿಡಿಯಿರಿ. ನಾನು ಆಟೋ ಎಲೆಕ್ಟ್ರಿಷಿಯನ್. ಬೆಳಕು ಸಾಲಲ್ಲ ಅಂತ ಬರುವ ಹಳೇ ಗಾಡಿಗಳಲ್ಲಿ ಬಲ್ಬಿನ ದೋಷಕ್ಕಿಂತ ಬಲ್ಬಿಗೆ ವೋಲ್ಟೇಜ್ ಮುಟ್ಟದೇ ಇರುವುದೇ ಜಾಸ್ತಿ. ಬ್ಯಾಟರಿಯಿಂದ ಹೊರಟ ಕರೆಂಟು ಫ್ಯೂಸ್ ಬಾಕ್ಸು, ಸ್ಟೀರಿಂಗ್ ಪಕ್ಕದ ಸ್ವಿಚ್ಚು, ಹತ್ತಾರು ಜಾಯಿಂಟು, ಸಣ್ಣ ವೈರು ಎಲ್ಲ ದಾಟಿ ಬಲ್ಬಿಗೆ ಬರಬೇಕು. ಹನ್ನೆರಡು ವರ್ಷ ಆದ ಗಾಡಿಯಲ್ಲಿ ಪ್ರತಿ ಜಾಯಿಂಟಿನಲ್ಲೂ ಒಂದಿಷ್ಟು ವೋಲ್ಟೇಜ್ ಹೋಗುತ್ತೆ.

ಹ್ಯಾಲೊಜೆನ್ ಬಲ್ಬಿನ ಗುಣ ಏನಂದ್ರೆ, ವೋಲ್ಟೇಜು 10 ಪರ್ಸೆಂಟ್ ಇಳಿದರೆ ಬೆಳಕು 10 ಪರ್ಸೆಂಟ್ ಇಳಿಯಲ್ಲ, ಸುಮಾರು 30 ಪರ್ಸೆಂಟ್ ಇಳಿಯುತ್ತೆ. ಫಿಲಮೆಂಟ್ ತಣ್ಣಗಾದಷ್ಟೂ ಬೆಳಕು ಹಳದಿಗೆ, ಆಮೇಲೆ ಕೆಂಪಿಗೆ ತಿರುಗುತ್ತೆ. ಹೊಸ ಬಲ್ಬು ಹಾಕಿದರೂ ನಿಮಗೆ ವ್ಯತ್ಯಾಸ ಕಾಣದೇ ಇದ್ದದ್ದು ಇದಕ್ಕೇ ಇರಬೇಕು.

ಅಳೆಯುವ ರೀತಿ ಹೇಳ್ತೀನಿ. ಎಂಜಿನ್ ಚಾಲೂ ಇರಲಿ, ಹೆಡ್‌ಲೈಟ್ ಡಿಮ್‌ನಲ್ಲಿ ಉರಿಯುತ್ತಿರಲಿ. ಮೊದಲು ಬ್ಯಾಟರಿ ಟರ್ಮಿನಲ್ ಮೇಲೆ ನೋಡಿ, 14 ವೋಲ್ಟ್ ಆಸುಪಾಸು ಬರಬೇಕು. ಆಮೇಲೆ ಹೆಡ್‌ಲೈಟ್ ಹಿಂದಿನ ಕಪ್ಲರ್ (ಬಲ್ಬಿಗೆ ಸಿಕ್ಕಿಸುವ ಪ್ಲಗ್) ಕಳಚದೆ, ವೈರು ಒಳಗೆ ಹೋಗುವ ಕಡೆಯಿಂದ ಸೂಜಿಯಂಥ ಪ್ರೋಬ್ ತೂರಿಸಿ ಅಳೆಯಿರಿ. ಕಪ್ಲರ್ ಕಳಚಿ ಅಳೆದರೆ ಪೂರ್ತಿ ವೋಲ್ಟೇಜೇ ತೋರಿಸುತ್ತೆ, ಲೋಡ್ ಇಲ್ಲದಾಗ ಎಲ್ಲಿಯೂ ಡ್ರಾಪ್ ಆಗಲ್ಲ. ಇನ್ನೊಂದು, ಕಪ್ಪು ಪ್ರೋಬನ್ನ ಬ್ಯಾಟರಿ ನೆಗೆಟಿವ್ ಮೇಲೆ, ಕೆಂಪನ್ನ ಬಲ್ಬಿನ ಅರ್ತ್ ಪಿನ್ ಮೇಲೆ ಇಡಿ. 0.2 ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತಿಂಗ್ ಕೆಟ್ಟಿದೆ ಅಂತ. ಎಡ, ಬಲ ಎರಡೂ ಕಡೆ ನೋಡಿ ಇಲ್ಲಿ ಬರೆಯಿರಿ.

ಕರಾವಳಿ_ಚಾಲಕಿ

ಮೀಟರ್ ಹಿಡಿಯುವ ಮೊದಲು ಹೆಡ್‌ಲೈಟ್ ಮೇಲಿನ ಪ್ಲಾಸ್ಟಿಕ್ ಕವರ್ ಹೇಗಿದೆ ನೋಡಿ ಸರ್. ನಮ್ಮ ಮಂಗಳೂರಿನ ಬಿಸಿಲಿಗೆ, ಉಪ್ಪು ಗಾಳಿಗೆ ನಾಲ್ಕೈದು ವರ್ಷಕ್ಕೇ ಹಳದಿ ಪೊರೆ ಬಂದುಬಿಡುತ್ತೆ. ಅದು ಪಾಲಿಕಾರ್ಬೊನೇಟ್, ಮೇಲಿನ ಯುವಿ ಕೋಟಿಂಗ್ ಸವೆದ ಮೇಲೆ ಮಬ್ಬಾಗುತ್ತೆ. ಒಳಗೆ ಎಂಥ ಬಲ್ಬ್ ಹಾಕಿದರೂ ಅಷ್ಟೇ.

ನಾನು ಮನೆಯಲ್ಲೇ ಉಜ್ಜಿದೆ. ಸುತ್ತ ಪೇಂಟ್ ಮೇಲೆ ಮಾಸ್ಕಿಂಗ್ ಟೇಪ್ ಹಾಕಿ, ವಾಟರ್ ಪೇಪರ್ 800ರಿಂದ ಶುರು ಮಾಡಿ 1200, 2000, 3000 ಅಂತ ನೀರು ಹಾಕ್ತಾ ಉಜ್ಜಬೇಕು. ಮೊದಲ ಪೇಪರಿನಲ್ಲಿ ಹಳದಿ ನೀರು ಇಳಿಯುತ್ತೆ, ಅದು ಬಿಳಿ ನೀರಾಗುವ ತನಕ ಮುಂದಿನ ಪೇಪರಿಗೆ ಹೋಗಬಾರದು. ಕೊನೆಗೆ ಯುವಿ ತಡೆಯುವ ಕ್ಲಿಯರ್ ಕೋಟ್ ಹೊಡೆಯಲೇಬೇಕು, ಬರೀ ಪಾಲಿಶ್ ಮಾಡಿ ಬಿಟ್ಟರೆ ಕೆಲವೇ ತಿಂಗಳಲ್ಲಿ ಮತ್ತೆ ಹಳದಿ. ಟೂತ್‌ಪೇಸ್ಟಿನ ವಿಡಿಯೋ ನಂಬಬೇಡಿ, ಅದರ ಹೊಳಪು ನಿಲ್ಲಲ್ಲ.

ಕೊಟ್ಟಿಗೆಹಾರ_ದಾರಿ

ಅಳೆದೆ ಹಾಸನ ಸರ್. ಬ್ಯಾಟರಿ ಮೇಲೆ 14.1. ಎಡಗಡೆ ಬಲ್ಬಿನ ಹತ್ತಿರ 12.0, ಬಲಗಡೆ 11.6. ಬಲಗಡೆ ಅರ್ತ್ ಪಿನ್ನಿಗೂ ಬ್ಯಾಟರಿ ನೆಗೆಟಿವಿಗೂ ನಡುವೆ 0.5 ಬಂತು. ಮೇಡಂ ಹೇಳಿದ ಹಾಗೆ ಕವರ್ ಮೇಲೂ ಪೊರೆ ಇದೆ, ಅಷ್ಟೇನೂ ಜಾಸ್ತಿ ಇಲ್ಲ. ಭಾನುವಾರ ಉಜ್ಜುತ್ತೇನೆ.

ಹಾಸನ_ವೈರಿಂಗ್

ಸಿಕ್ಕಿತಲ್ಲ. ಬಲ್ಬ್ ಕಂಪನಿಗಳು ತಮ್ಮ ಲೆಕ್ಕ ಹೇಳುವುದು 13.2 ವೋಲ್ಟಿಗೆ. ನಿಮ್ಮ ಬಲಗಡೆ ಬಲ್ಬಿಗೆ 11.6 ಬರ್ತಿದೆ ಅಂದ್ರೆ ಅದು ಕೊಡಬೇಕಾದ ಬೆಳಕಿನಲ್ಲಿ ಸುಮಾರು ಮೂರನೇ ಒಂದು ಭಾಗ ಆಗಲೇ ಹೋಗಿದೆ. ಅದೇ ಬಲ್ಬಿಗೆ 13.6 ಮುಟ್ಟಿಸಿದರೆ ಈಗಿನದಕ್ಕಿಂತ ಸುಮಾರು 70 ಪರ್ಸೆಂಟ್ ಜಾಸ್ತಿ ಬೆಳಕು ಬರುತ್ತೆ. ಬಲ್ಬಿನ ಆಯಸ್ಸು ಸ್ವಲ್ಪ ಕಮ್ಮಿ ಆಗುತ್ತೆ, ಆಗಲಿ, 55 ವ್ಯಾಟಿನ ಬಲ್ಬು ದುಬಾರಿ ಏನಲ್ಲ.

ಮೊದಲು ಅರ್ತ್ ಸರಿ ಮಾಡಿ. ಹೆಡ್‌ಲೈಟಿನಿಂದ ಬರುವ ಅರ್ತ್ ವೈರು, ಬಹುತೇಕ ಗಾಡಿಗಳಲ್ಲಿ ಕಪ್ಪು ಬಣ್ಣದ್ದು, ಬಾಡಿಗೆ ಒಂದು ಬೋಲ್ಟಿನಲ್ಲಿ ಕೂತಿರುತ್ತೆ. ಅದನ್ನ ಬಿಚ್ಚಿದರೆ ತಿಂಬಲ್ (ವೈರಿನ ತುದಿಯ ಲೋಹದ ಉಂಗುರ) ಅಡಿಯಲ್ಲಿ ಹಸಿರು ಕಿಲುಬೋ ಕಂದು ತುಕ್ಕೋ ಕಾಣುತ್ತೆ. ಎಮರಿ ಪೇಪರ್ ಹಾಕಿ ಬರಿ ಲೋಹ ಕಾಣುವ ಹಾಗೆ ಉಜ್ಜಿ, ತಿಂಬಲ್ಲನ್ನೂ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಿ. ಎಷ್ಟೋ ಗಾಡಿಗಳಲ್ಲಿ ಕೆಲಸ ಅಲ್ಲಿಗೇ ಮುಗಿಯುತ್ತೆ.

ಆದರೆ ನಿಮ್ಮ ಲೆಕ್ಕದಲ್ಲಿ ಪಾಸಿಟಿವ್ ಕಡೆಯೂ ಎರಡು ವೋಲ್ಟ್ ಹತ್ತಿರ ಹೋಗ್ತಿದೆ, ಹಾಗಾಗಿ ರಿಲೇ ಹಾರ್ನೆಸ್ ಹಾಕುವುದು ಸರಿ. ರಿಲೇ ಅಂದ್ರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನ ಹಾಕಿ ತೆಗೆಯುವ ಸ್ವಿಚ್ಚು, ಹಾರ್ನೆಸ್ ಅಂದ್ರೆ ಅದಕ್ಕೆ ಬೇಕಾದ ವೈರುಗಳ ಕಟ್ಟು. ತತ್ವ ಸರಳ. ಹಳೇ ವೈರಿಂಗಿನಲ್ಲಿ ಬಲ್ಬಿನ ಪೂರ್ತಿ ಕರೆಂಟು ಸ್ವಿಚ್ಚಿನ ಮೂಲಕ ಹಾಯುತ್ತಿತ್ತು. ಈಗ ಸ್ವಿಚ್ಚು ಬರೀ ರಿಲೇಯ ಕಾಯಿಲನ್ನ ಎಬ್ಬಿಸುತ್ತೆ, ಅದಕ್ಕೆ ಬೇಕಿರುವುದು ಒಂದು ಆಂಪಿಯರಿನ ಐದನೇ ಒಂದು ಭಾಗಕ್ಕಿಂತಲೂ ಕಮ್ಮಿ. ಬಲ್ಬಿಗೆ ಹೋಗುವ ಕರೆಂಟು ಬ್ಯಾಟರಿಯಿಂದ ದಪ್ಪ ವೈರಿನಲ್ಲಿ ನೇರವಾಗಿ ಬರುತ್ತೆ.

ರಿಲೇ ತಳದಲ್ಲಿ ನಂಬರ್ ಇರುತ್ತೆ. 30ಕ್ಕೆ ಬ್ಯಾಟರಿ ಪಾಸಿಟಿವ್, ಫ್ಯೂಸ್ ಮೂಲಕ. 87 ಬಲ್ಬಿಗೆ. 85, 86 ಕಾಯಿಲಿನ ಎರಡು ತುದಿ. ಡಿಮ್ಮಿಗೆ ಒಂದು ರಿಲೇ, ಹೈ ಬೀಮಿಗೆ ಒಂದು. ಹಾರ್ನೆಸ್ಸಿನ ಗಂಡು ಕಪ್ಲರ್ ಒಂದು ಕಡೆಯ ಹಳೇ ಕಪ್ಲರಿಗೆ ಕೂರುತ್ತೆ, ಅಲ್ಲಿಂದಲೇ ಸಿಗ್ನಲ್ ತಗೊಳ್ಳುತ್ತೆ, ಕಂಪನಿಯ ಒಂದು ವೈರೂ ಕತ್ತರಿಸುವ ಹಾಗಿಲ್ಲ. ಇನ್ನೊಂದು ಕಡೆಯ ಹಳೇ ಕಪ್ಲರ್ ಖಾಲಿ ಉಳಿಯುತ್ತೆ, ಅದಕ್ಕೆ ನೀರು ಹೋಗದ ಹಾಗೆ ಸುತ್ತಿ ಕಟ್ಟಿಬಿಡಿ. ಬಲ್ಬಿನ ಹೋಲ್ಡರ್ ಸೆರಾಮಿಕ್ ಇರಲಿ.

ಫ್ಯೂಸ್ ವಿಷಯಕ್ಕೆ ಬಂದರೆ, 55 ವ್ಯಾಟಿನ ಎರಡು ಬಲ್ಬ್ ಅಂದ್ರೆ 110 ವ್ಯಾಟ್, ಸುಮಾರು 9 ಆಂಪಿಯರ್. ಹೈ ಬೀಮಿನಲ್ಲಿ 120 ವ್ಯಾಟ್, ಹತ್ತರ ಹತ್ತಿರ. ಪ್ರತಿ ರಿಲೇಗೂ ಬೇರೆ ಬೇರೆ 15 ಆಂಪಿಯರಿನ ನೀಲಿ ಫ್ಯೂಸ್ ಹಾಕಿ. ಒಂದೇ ಫ್ಯೂಸ್ ಹಾಕಿದರೆ ಅದು ಹೋದ ಕ್ಷಣ ಘಾಟಿ ತಿರುವಿನಲ್ಲಿ ಎರಡೂ ಆರಿಹೋಗುತ್ತೆ. ಫ್ಯೂಸ್ ಬ್ಯಾಟರಿ ಟರ್ಮಿನಲ್ಲಿಗೆ ಒಂದು ಗೇಣಿನೊಳಗೆ ಇರಬೇಕು. ಫ್ಯೂಸ್ ಇರುವುದು ಬಲ್ಬ್ ಉಳಿಸಲಿಕ್ಕಲ್ಲ, ವೈರ್ ಉಳಿಸಲಿಕ್ಕೆ. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಅದನ್ನ ಕಾಯುವವರು ಯಾರೂ ಇಲ್ಲ, ವೈರು ಕೆಂಪಗೆ ಕಾದು ಹೊತ್ತಿಕೊಳ್ಳುತ್ತೆ. ಬ್ಯಾಟರಿಯಿಂದ ರಿಲೇವರೆಗೆ ಎರಡೂವರೆ ಎಂಎಂ ವೈರು, ಅಲ್ಲಿಂದ ಒಂದೊಂದು ಬಲ್ಬಿಗೆ ಒಂದೂವರೆ ಎಂಎಂ ಸಾಕು. ಆಟೋ ವೈರೇ ತಗೊಳ್ಳಿ. ಮನೆ ವೈರಿಂಗಿನ ವೈರಿನ ಮೇಲ್ಕವಚ ಎಂಜಿನ್ ಪಕ್ಕದ ಶಾಖ, ಆಯಿಲ್ ತಡೆಯಲ್ಲ.

ಜಾಯಿಂಟುಗಳನ್ನ ಕ್ರಿಂಪ್ ಮಾಡಿ (ಲೋಹದ ತುದಿಯನ್ನ ಇಕ್ಕಳದಿಂದ ಅದುಮಿ), ಮೇಲೆ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ ಕೊಳವೆ) ಹಾಕಿ. ವೈರು ತಿರುಚಿ ಕಪ್ಪು ಟೇಪ್ ಸುತ್ತುವುದು ಎಂಜಿನ್ ರೂಮಿನಲ್ಲಿ ಬೇಡವೇ ಬೇಡ, ಬೇಸಿಗೆಯಲ್ಲಿ ಗೋಂದು ಕರಗಿ ಟೇಪ್ ಬಿಚ್ಚಿಕೊಳ್ಳುತ್ತೆ. ಎಲ್ಲ ವೈರಿಗೂ ಕಪ್ಪು ಸುರುಳಿ ಪೈಪ್ ಹಾಕಿ, ಎಕ್ಸಾಸ್ಟಿನಿಂದ, ಫ್ಯಾನಿನಿಂದ ದೂರ ಕಟ್ಟಿ. ರಿಲೇಗಳನ್ನ ಪಿನ್ ಕೆಳಗೆ ಮುಖ ಮಾಡಿ ಕೂರಿಸಿ, ನೀರು ಒಳಗೆ ನಿಲ್ಲಲ್ಲ. ಶುರು ಮಾಡುವ ಮೊದಲು ಬ್ಯಾಟರಿ ನೆಗೆಟಿವ್ ತೆಗೆದಿಡಿ. ಬಲ್ಬಿನ ಗಾಜನ್ನ ಬರಿಗೈಲಿ ಮುಟ್ಟಬೇಡಿ, ಬೆರಳಿನ ಜಿಡ್ಡು ಕೂತ ಜಾಗ ವಿಪರೀತ ಕಾದು ಗಾಜು ಒಡೆಯುತ್ತೆ. ಮುಟ್ಟಿದ್ದರೆ ಸ್ಪಿರಿಟ್‌ನಲ್ಲಿ ಒರೆಸಿ.

100/90 ಬೇಡ. ಬಲ್ಬಿನ ಡಬ್ಬಿ ಮೇಲೇ ಆಫ್ ರೋಡ್‌ಗೆ ಮಾತ್ರ ಅಂತ ಬರೆದಿರುತ್ತೆ. ಅಷ್ಟು ಶಾಖಕ್ಕೆ ಹೋಲ್ಡರ್ ಕಪ್ಪಾಗುತ್ತೆ, ರಿಫ್ಲೆಕ್ಟರಿನ ಹೊಳೆಯುವ ಕೋಟಿಂಗ್ ಸುಟ್ಟುಹೋಗುತ್ತೆ. ರಿಫ್ಲೆಕ್ಟರ್ ಒಮ್ಮೆ ಮಂಕಾದರೆ ಇಡೀ ಹೆಡ್‌ಲೈಟ್ ಬದಲಿಸುವುದು ಬಿಟ್ಟು ಬೇರೆ ದಾರಿ ಇಲ್ಲ.

ಬಿಟಿಎಂ_ಸವಾರ

ಇಷ್ಟೆಲ್ಲ ವೈರು, ರಿಲೇ, ಫ್ಯೂಸು ಹಾಕಿ ಕೊನೆಗೆ ಅದೇ ಹಳದಿ ಬೆಳಕು ಅಲ್ವಾ? ಎಲ್‌ಇಡಿ ಕರೆಂಟೂ ಕಮ್ಮಿ ತಿನ್ನುತ್ತೆ, ಬೆಳಕೂ ಜಾಸ್ತಿ. ನನಗಂತೂ ಯಾರೂ ಡಿಪ್ಪರ್ ಹೊಡೆದಿಲ್ಲ.

ಮ್ಯೂನಿಕ್_ಕನ್ನಡಿಗ

ಬೆಳಕು ಎಷ್ಟಿದೆ ಅನ್ನೋದಕ್ಕಿಂತ ಅದು ಎಲ್ಲಿಗೆ ಬೀಳುತ್ತೆ ಅನ್ನೋದು ಮುಖ್ಯ ಸರ್. ಎಚ್4 ಬಲ್ಬನ್ನ ಬೆಳಕಿಗೆ ಹಿಡಿದು ನೋಡಿ. ಮುಂದಿನ ಫಿಲಮೆಂಟ್ ಡಿಮ್ಮಿಗೆ, ಅದರ ಅಡಿಯಲ್ಲಿ ಸಣ್ಣ ಲೋಹದ ದೊನ್ನೆ ಥರ ಇರುತ್ತೆ. ಆ ತಗಡು ಕೆಳಗೆ ಹೋಗುವ ಬೆಳಕನ್ನ ತಡೆಯುತ್ತೆ, ಹಾಗಾಗಿ ಡಿಮ್‌ನಲ್ಲಿ ರಿಫ್ಲೆಕ್ಟರಿನ ಮೇಲರ್ಧ ಮಾತ್ರ ಕೆಲಸ ಮಾಡಿ ಬೆಳಕು ರಸ್ತೆಗೆ ಇಳಿಯುತ್ತೆ. ಫಿಲಮೆಂಟ್ ಒಂದೆರಡು ಮಿಲಿಮೀಟರ್ ಅತ್ತಿತ್ತ ಆದರೂ ಗೋಡೆ ಮೇಲೆ ಬೆಳಕು, ಕತ್ತಲು ಬೇರೆಯಾಗುವ ಗೆರೆ ಕೆಡುತ್ತೆ. ಎಲ್‌ಇಡಿ ಬಲ್ಬಿನಲ್ಲಿ ಚಿಪ್ಪುಗಳು ಒಂದು ಪಟ್ಟಿಯ ಎರಡು ಮಗ್ಗುಲಿಗೆ ಅಂಟಿರುತ್ತವೆ, ಸುತ್ತಲೂ ಒಂದೇ ಸಮ ಬೆಳಕು ಚೆಲ್ಲುವುದಿಲ್ಲ. ಹ್ಯಾಲೊಜೆನ್ ಬಲ್ಬಿಗೆ ಅಂತ ಲೆಕ್ಕ ಹಾಕಿ ಮಾಡಿದ ರಿಫ್ಲೆಕ್ಟರಿಗೆ ಇದು ಕೂರಲ್ಲ.

ನಿಮಗೆ ಹಗಲಾದಂಗೆ ಕಾಣುವುದು ಸುಳ್ಳಲ್ಲ. ಆದರೆ ಆ ಬೆಳಕು ಜಾಸ್ತಿ ಬೀಳುವುದು ಬಾನೆಟ್ ಮುಂದಿನ ಹತ್ತು ಹದಿನೈದು ಮೀಟರಿಗೆ. ಹತ್ತಿರದ ರಸ್ತೆ ಅಷ್ಟು ಬೆಳಗಿದಾಗ ಕಣ್ಣಿನ ಪಾಪೆ ಕುಗ್ಗುತ್ತೆ, ದೂರದ ಕತ್ತಲು ಇನ್ನೂ ಕತ್ತಲಾಗುತ್ತೆ. 80ರ ವೇಗದಲ್ಲಿ ಹೋಗುವಾಗ ನಿಮಗೆ ಬೇಕಿರುವುದು ಆ ದೂರ.

ಇಲ್ಲಿ ಜರ್ಮನಿಯಲ್ಲಿ ಹಾಗೆ ಹಾಕಿಕೊಂಡು ಹೋದರೆ ತಪಾಸಣೆಯಲ್ಲಿ ಗಾಡಿ ಪಾಸಾಗಲ್ಲ. 2020ರಲ್ಲಿ ಓಸ್ರಾಮ್‌ನ ಒಂದು ಎಚ್7 ಎಲ್‌ಇಡಿ ಬಲ್ಬಿಗೆ ಮೊದಲ ಸಲ ರಸ್ತೆ ಅನುಮತಿ ಸಿಕ್ಕಿತು, ಅದೂ ಪಟ್ಟಿಯಲ್ಲಿರುವ ಕಾರು ಮಾದರಿಗಳಿಗೆ ಮಾತ್ರ. ಒಂದೊಂದು ಹೆಡ್‌ಲೈಟಿನಲ್ಲೂ ಆ ಬಲ್ಬ್ ಇಟ್ಟು ಬೆಳಕು ಎಲ್ಲಿ ಬೀಳುತ್ತೆ ಅಂತ ಪರೀಕ್ಷಿಸಿ ಕೊಟ್ಟ ಅನುಮತಿ ಅದು. ಎಲ್ಲ ರಿಫ್ಲೆಕ್ಟರಿಗೂ ಕೂರುವ ಎಲ್‌ಇಡಿ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನೊಂದು ಮಾತು, ಹೊರದೇಶದಿಂದ ತರಿಸಿದ ಪ್ರೊಜೆಕ್ಟರ್ (ಮುಂದೆ ಲೆನ್ಸ್ ಇರುವ ಹೆಡ್‌ಲೈಟ್) ಕೂರಿಸುವವರು ಗಮನಿಸಿ. ಡಿಮ್ ಬೀಮಿನ ಗೆರೆ ಒಂದು ಕಡೆ ಸ್ವಲ್ಪ ಮೇಲೆ ಏರಿರುತ್ತೆ, ರಸ್ತೆ ಅಂಚು ಕಾಣಲಿ ಅಂತ. ನಮ್ಮ ದೇಶದಲ್ಲಿ ಅದು ಎಡಕ್ಕೆ ಏರಬೇಕು. ಜರ್ಮನಿ, ಅಮೆರಿಕದ ಗಾಡಿಗಳಿಗೆ ಮಾಡಿದ್ದರಲ್ಲಿ ಬಲಕ್ಕೆ ಏರುತ್ತೆ, ಅಂದ್ರೆ ಭಾರತದಲ್ಲಿ ನೇರ ಎದುರಿನ ಡ್ರೈವರ್ ಮುಖಕ್ಕೆ.

ಲಾರಿ_ಹುಬ್ಬಳ್ಳಿ

ಬಿಟಿಎಂ ಅಣ್ಣ, ಡಿಪ್ಪರ್ ಯಾರೂ ಹೊಡೆದಿಲ್ಲ ಅಂದ್ರಲ್ಲ, ನಾವು ಹೊಡೆಯೋದನ್ನ ಬಿಟ್ಟು ಬಹಳ ದಿನ ಆಯ್ತು ನೋಡ್ರಿ. ಹೊಡೆದರೂ ಡಿಮ್ ಮಾಡೋರಿಲ್ಲ, ಯಾಕಂದ್ರ ಅದು ಡಿಮ್ಮೇ ಆಗಿರುತ್ತೆ. ಎಲ್‌ಇಡಿ ಗಾಡಿ ಎದುರು ಬಂದರೆ ಎರಡು ಮೂರು ಸೆಕೆಂಡ್ ನಮಗೆ ಏನೂ ಕಾಣಲ್ಲ. 60ರ ವೇಗದಲ್ಲಿ ಮೂರು ಸೆಕೆಂಡ್ ಅಂದ್ರೆ 50 ಮೀಟರ್ ರಸ್ತೆ. ಆ 50 ಮೀಟರಿನಲ್ಲಿ ಲೈಟಿಲ್ಲದ ಕಬ್ಬಿನ ಟ್ರ್ಯಾಕ್ಟರ್ ನಿಂತಿದ್ದರೆ? ಸೈಕಲ್ ತಳ್ಳಿಕೊಂಡು ಹೋಗುವವರಿದ್ದರೆ? ನಮ್ಮದು 24 ವೋಲ್ಟ್, 75/70 ಬಲ್ಬು, ಅಷ್ಟರಲ್ಲೇ ರಾತ್ರಿಯೆಲ್ಲ ಓಡಿಸ್ತೀವಿ. ಕೈಮುಗಿದು ಕೇಳ್ತೀನಿ, ನಿಮ್ಮ ಗಾಡಿ ನಿಲ್ಲಿಸಿ ಒಮ್ಮೆ ಎದುರಿನಿಂದ ನಡೆದು ಬಂದು ನೋಡ್ರಿ.

ಟ್ರ್ಯಾಕ್ಟರ್ ಇರುವವರು ಇಲ್ಲಿ ಓದ್ತಿದ್ದರೆ ಅವರಿಗೂ ಒಂದು ಮಾತು. ಟ್ರೇಲರ್ ಹಿಂದೆ ಕೆಂಪು ರೇಡಿಯಂ ಪಟ್ಟಿ, ಮಗ್ಗುಲಿಗೆ ಹಳದಿ ಪಟ್ಟಿ ಅಂಟಿಸಿ. ಕಬ್ಬು ಹೇರಿದಾಗ ಮುಚ್ಚಿಹೋಗದ ಜಾಗದಲ್ಲಿ ಅಂಟಿಸಿ. ಅದಕ್ಕೆ ಬ್ಯಾಟರಿಯೂ ಬೇಡ, ವೈರೂ ಬೇಡ.

ಹಾಸನ_ವೈರಿಂಗ್

ಹುಬ್ಬಳ್ಳಿ ಅಣ್ಣ ಹೇಳಿದ್ದಕ್ಕೆ ಕಾನೂನಿನಲ್ಲೂ ಅಳತೆ ಇದೆ. ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಡಿಮ್ ಬೆಳಕು ಲ್ಯಾಂಪಿನ ಮುಂದೆ 8 ಮೀಟರ್ ದೂರದಲ್ಲಿ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ಮನುಷ್ಯನಿಗೆ ಹೊಡೆಯಬಾರದು. ಟೇಪ್ ಹಿಡಿದು ಯಾರು ಬೇಕಾದರೂ ಮನೆ ಮುಂದೆ ನೋಡಬಹುದು. ಬಿಟಿಎಂ ಸರ್, ನೀವೂ ನೋಡಿ, ನೋಡಿ ಬರೆಯಿರಿ.

2019ರ ತಿದ್ದುಪಡಿ ಆದ ಮೇಲೆ ನಿಯಮ ಮೀರಿ ಗಾಡಿ ಮಾರ್ಪಾಡು ಮಾಡಿದರೆ ಒಂದೊಂದು ಮಾರ್ಪಾಡಿಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಮೋಟಾರು ವಾಹನ ಕಾಯ್ದೆಯ 182ಎ ಕಲಮಿನಲ್ಲಿದೆ. ಮುಂದೆ ಕೆಂಪು ಲೈಟು, ಮಿಣಮಿಣ ನೀಲಿ ಲೈಟು ಹಾಕುವವರೂ ಇದನ್ನ ಓದಿಕೊಳ್ಳಿ. 2024ರ ಜುಲೈನಲ್ಲಿ ನಮ್ಮ ರಾಜ್ಯದ ಪೊಲೀಸರು ಕಣ್ಣು ಕುಕ್ಕುವ ಹೆಡ್‌ಲೈಟುಗಳ ಮೇಲೆ ಕೇಸು ಹಾಕಲು ಶುರು ಮಾಡಿದ್ದು ನೆನಪಿರಬೇಕಲ್ಲ.

ದಂಡದ ಮಾತು ಬಿಡಿ. ನನ್ನ ಹತ್ತಿರ ಒಂದು ಓಮ್ನಿ ಬಂದಿತ್ತು. ಯಾವುದೋ ಅಂಗಡಿಯಲ್ಲಿ ಎಕ್ಸ್‌ಟ್ರಾ ಲೈಟ್ ಹಾಕಿಸಿದ್ದರು. ಬ್ಯಾಟರಿಯಿಂದ ಸ್ವಿಚ್ಚಿಗೆ, ಸ್ವಿಚ್ಚಿಂದ ಲೈಟಿಗೆ ನೇರ ವೈರು. ಫ್ಯೂಸೂ ಇಲ್ಲ, ರಿಲೇಯೂ ಇಲ್ಲ. ತಗಡಿನ ತೂತಿನಲ್ಲಿ ವೈರು ತೂರಿಸಿದ ಕಡೆ ಒಂದು ರಬ್ಬರ್ ವಾಷರ್ ಕೂಡ ಇಲ್ಲ. ಗಾಡಿ ಅಲುಗಾಡಿ ಅಲುಗಾಡಿ ತಗಡಿನ ಅಂಚು ವೈರಿನ ಮೇಲ್ಕವಚ ಕೊಯ್ದಿತ್ತು. ಪಕ್ಕದಲ್ಲಿದ್ದ ಮೂರು ಕಂಪನಿ ವೈರುಗಳೂ ಅದರ ಜೊತೆ ಕರಗಿ ಒಂದೇ ಮುದ್ದೆಯಾಗಿದ್ದವು. ಓನರ್ ಬ್ಯಾಟರಿ ವೈರು ಎಳೆದು ಹಾಕಿದ್ದರಿಂದ ಗಾಡಿ ಉಳಿಯಿತು. ಇನ್ಶೂರೆನ್ಸ್ ಕ್ಲೇಮಿಗೆ ಹೋದರೂ ಇಂಥ ವೈರಿಂಗ್ ಬಗ್ಗೆ ಸರ್ವೇಯರ್ ಪ್ರಶ್ನೆ ಕೇಳುತ್ತಾರೆ.

ಜಿಪ್ಸಿ_ಸಕಲೇಶಪುರ

ಹಾಸನ ಸರ್, ಒಂದು ಅನುಮಾನ. ನನ್ನ ಜಿಪ್ಸಿಗೆ ರೆಡಿಮೇಡ್ ರಿಲೇ ಹಾರ್ನೆಸ್ ತಂದು ಸಿಕ್ಕಿಸಿದೆ. ಸ್ವಿಚ್ ಹಾಕಿದರೆ ರಿಲೇ ಟಕ್ ಅನ್ನೋದೇ ಇಲ್ಲ. ರಿಲೇ ಬೇರೆ ಹಾಕಿ ನೋಡಿದೆ, ಅದೇ ಕಥೆ. ಹಾರ್ನೆಸ್ ಬೇರೆ ಗಾಡಿಯಲ್ಲಿ ಸರಿಯಾಗಿ ಕೆಲಸ ಮಾಡುತ್ತೆ.

ಹಾಸನ_ವೈರಿಂಗ್

ಹಾರ್ನೆಸ್ಸೂ ಸರಿ ಇದೆ, ಗಾಡಿಯೂ ಸರಿ ಇದೆ. ಜಿಪ್ಸಿಯಲ್ಲಿ ಹೆಡ್‌ಲೈಟ್ ಸ್ವಿಚ್ಚು ಇರುವುದು ಅರ್ತ್ ಕಡೆ. ಅಂದ್ರೆ ಬಲ್ಬಿನ ಕಾಮನ್ ಪಿನ್ನಿಗೆ (ಡಿಮ್, ಹೈ ಎರಡಕ್ಕೂ ಸೇರಿದ ಪಿನ್ನಿಗೆ) ಪಾಸಿಟಿವ್ ಬಂದಿರುತ್ತೆ, ಸ್ವಿಚ್ಚು ಹಾಕಿದಾಗ ಡಿಮ್ ಅಥವಾ ಹೈ ಪಿನ್ನು ಅರ್ತ್ ಆಗುತ್ತೆ. ಜಪಾನ್ ಮೂಲದ ಇನ್ನೂ ಕೆಲವು ಗಾಡಿಗಳಲ್ಲಿ ಹೀಗಿದೆ. ರೆಡಿಮೇಡ್ ಹಾರ್ನೆಸ್ಸಿನಲ್ಲಿ ಕಾಯಿಲಿನ ಒಂದು ತುದಿಯನ್ನ ಬಾಡಿಗೆ ಅರ್ತ್ ಮಾಡಿರುತ್ತಾರೆ. ನಿಮ್ಮಲ್ಲಿ ಸ್ವಿಚ್ ಹಾಕಿದಾಗ ಇನ್ನೊಂದು ತುದಿಯೂ ಅರ್ತ್ ಆಗುತ್ತೆ. ಎರಡೂ ಕಡೆ ಅರ್ತ್ ಇದ್ದರೆ ಕಾಯಿಲ್ ಎದ್ದೇಳುವುದಾದರೂ ಹೇಗೆ?

ಬಾಡಿಗೆ ಹಾಕಿದ ಆ ತುದಿ ಬಿಚ್ಚಿ, ಹಳೇ ಕಪ್ಲರಿನ ಕಾಮನ್ ಪಿನ್ನಿಗೆ ಕೊಡಿ. ಇನ್ನೊಂದು ತುದಿ ಡಿಮ್ ಪಿನ್ನಿಗೆ, ಎರಡನೇ ರಿಲೇಯದ್ದು ಹೈ ಪಿನ್ನಿಗೆ. ಹೀಗೆ ಕಾಯಿಲಿನ ಎರಡೂ ತುದಿ ಕಪ್ಲರಿನಿಂದಲೇ ತಗೊಂಡರೆ ಯಾವ ರೀತಿಯ ಗಾಡಿಯಾದರೂ ಕೆಲಸ ಮಾಡುತ್ತೆ. ರಿಲೇ ಒಳಗೆ ಡಯೋಡ್ ಇದ್ದರೆ ಮಾತ್ರ ಪ್ಲಸ್, ಮೈನಸ್ ನೋಡಿ ಹಾಕಬೇಕು, ಡಬ್ಬಿ ಮೇಲಿನ ಚಿತ್ರದಲ್ಲಿ ತೋರಿಸಿರುತ್ತಾರೆ. ಕೊಟ್ಟಿಗೆಹಾರ ಸರ್, ನೀವೂ ಹಾರ್ನೆಸ್ ಕೊಳ್ಳುವ ಮೊದಲು ಕಾಮನ್ ಪಿನ್ ಯಾವುದು, ಅದರಲ್ಲಿ ಏನು ಬರುತ್ತೆ ಅಂತ ಮೀಟರಿನಲ್ಲಿ ನೋಡಿಕೊಳ್ಳಿ.

ಕರಾವಳಿ_ಚಾಲಕಿ

ನಮ್ಮ ಮನೆಯಲ್ಲಿ ಈಗ ಹೊಸ ಗಾಡಿ ಬಂದಿದೆ, ಅದರಲ್ಲೂ ಹ್ಯಾಲೊಜೆನ್ನೇ. ತಮ್ಮ ಅದಕ್ಕೂ ರಿಲೇ ಹಾಕುತ್ತೇನೆ ಅಂತ ಕೂತಿದ್ದಾನೆ. ಹಾಕಬಹುದಾ?

ಹಾಸನ_ವೈರಿಂಗ್

ಬೇಡ ಮೇಡಂ. ಈಗಿನ ಎಷ್ಟೋ ಗಾಡಿಗಳಲ್ಲಿ ಹೆಡ್‌ಲೈಟಿಗೆ ಕರೆಂಟು ಕೊಡುವುದು ಒಂದು ಕಂಪ್ಯೂಟರ್ ಡಬ್ಬಿ, ಬಿಸಿಎಂ ಅಂತಾರೆ. ಬಲ್ಬು ಎಷ್ಟು ಕರೆಂಟು ಎಳೆಯುತ್ತೆ ಅಂತ ಅದು ನೋಡುತ್ತಿರುತ್ತೆ. ಬಲ್ಬಿನ ಜಾಗದಲ್ಲಿ ರಿಲೇ ಕಾಯಿಲ್ ಇಟ್ಟರೆ ಇಷ್ಟೇ ಇಷ್ಟು ಕರೆಂಟು ಕಂಡು ಬಲ್ಬು ಹೋಗಿದೆ ಅಂತ ಎಚ್ಚರಿಕೆ ಕೊಡುತ್ತೆ. ಕೆಲವು ಗಾಡಿಗಳಲ್ಲಿ ಕರೆಂಟನ್ನ ಸೆಕೆಂಡಿಗೆ ನೂರಾರು ಸಲ ಕತ್ತರಿಸಿ ಕತ್ತರಿಸಿ ಕೊಡುತ್ತಾರೆ, ರಿಲೇ ಒಳಗೆ ಕಟಕಟ ಅಂತ ಬಡಿದುಕೊಂಡು ಹಾಳಾಗುತ್ತೆ. ಎಲ್‌ಇಡಿ ಮಿಟುಕುವುದೂ ಇದೇ ಕಾರಣಕ್ಕೆ. ಮೇಲಾಗಿ ವಾರಂಟಿ ಇರುವ ಗಾಡಿಯ ವೈರಿಂಗ್ ಮುಟ್ಟಬಾರದು. ವೋಲ್ಟೇಜ್ ಅಳೆದು ನೋಡಲಿ, ಹೊಸ ಗಾಡಿಯಲ್ಲಿ 13ರ ಮೇಲೆ ಇದ್ದರೆ ರಿಲೇಯಿಂದ ಸಿಗುವ ಲಾಭವೂ ಇಲ್ಲ. ಅದೇ 60/55 ವ್ಯಾಟಿನಲ್ಲಿ ಫಿಲಿಪ್ಸ್, ಓಸ್ರಾಮ್‌ನವರ ಒಳ್ಳೆ ದರ್ಜೆಯ ಬಲ್ಬ್ ಬರುತ್ತೆ, ಅದನ್ನ ಹಾಕಲಿ. ನೀಲಿ ಬಣ್ಣ ಬಳಿದ ಗಾಜಿನದ್ದು ತಗೊಳ್ಳಬೇಡಿ, ಆ ಬಣ್ಣ ಬೆಳಕನ್ನ ತಿನ್ನುತ್ತೆ.

ಕೊಟ್ಟಿಗೆಹಾರ_ದಾರಿ

ಹಾಕಿದೆ. ನನ್ನ ಗಾಡಿಗೆ ಬೇಕಾದ ಹಾಗೆ ಕಾಯಿಲಿನ ಎರಡೂ ತುದಿಯನ್ನ ಕಪ್ಲರಿನಿಂದಲೇ ತಗೊಂಡೆ. ಈಗ ಬಲ್ಬಿನ ಹತ್ತಿರ ಎಡಕ್ಕೆ 13.6, ಬಲಕ್ಕೆ 13.5. ಅದೇ 60/55 ಬಲ್ಬು. ಕವರ್ ಕೂಡ ಉಜ್ಜಿ ಕ್ಲಿಯರ್ ಕೋಟ್ ಹೊಡೆದೆ. ಬೆಳಕು ಬೆಣ್ಣೆ ಬಣ್ಣದಿಂದ ಬಿಳಿ ಕಡೆಗೆ ತಿರುಗಿದೆ. ರಸ್ತೆ ಎಡ ಅಂಚಿನ ಹುಲ್ಲು, ಮೈಲಿಕಲ್ಲು ಎಲ್ಲ ಡಿಮ್‌ನಲ್ಲೇ ಕಾಣುತ್ತೆ. ಈಗ ಬೀಮ್ ಎತ್ತರ ಸರಿ ಮಾಡಬೇಕು. ಗೋಡೆಯಿಂದ ಎಷ್ಟು ದೂರ ನಿಲ್ಲಿಸಬೇಕು?

ಮ್ಯೂನಿಕ್_ಕನ್ನಡಿಗ

ಸಮತಟ್ಟಾದ ಜಾಗ, ಗೋಡೆಯಿಂದ 10 ಮೀಟರ್. ಟೈರಿಗೆ ಸರಿಯಾದ ಗಾಳಿ ಇರಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು ಕೂತಿರಲಿ, ಡ್ಯಾಶಿನಲ್ಲಿ ಲೆವೆಲ್ ತಿರುಗಿಸುವ ಚಕ್ರ ಇದ್ದರೆ ಸೊನ್ನೆಯಲ್ಲಿಡಿ. ಬಲ್ಬಿನ ನಡುಮಧ್ಯ ನೆಲದಿಂದ ಎಷ್ಟು ಎತ್ತರ ಇದೆ ಅಂತ ಅಳೆದು ಗೋಡೆ ಮೇಲೆ ಅಷ್ಟೇ ಎತ್ತರಕ್ಕೆ ಟೇಪ್ ಅಂಟಿಸಿ. ಡಿಮ್ ಬೀಮಿನ ಮೇಲಿನ ಗೆರೆ ಆ ಟೇಪಿಗಿಂತ 10 ಸೆಂಟಿಮೀಟರ್ ಕೆಳಗೆ ಬೀಳಬೇಕು, ಅಂದ್ರೆ 1 ಪರ್ಸೆಂಟ್ ಇಳಿಜಾರು. ಗಾಡಿಯಲ್ಲೇ ಅಂಟಿಸಿದ ಸ್ಟಿಕ್ಕರಿನಲ್ಲಿ ಬೇರೆ ಪರ್ಸೆಂಟ್ ಬರೆದಿದ್ದರೆ ಅದನ್ನೇ ನೋಡಿ. ಒಂದು ಲೈಟಿಗೆ ಬಟ್ಟೆ ಮುಚ್ಚಿ ಇನ್ನೊಂದನ್ನ ಸರಿ ಮಾಡಿ. ಹಿಂದೆ ಮೂರು ಜನ, ಡಿಕ್ಕಿ ತುಂಬ ಸಾಮಾನು ಇದ್ದಾಗ ಗಾಡಿಯ ಮೂಗು ಮೇಲೇಳುತ್ತೆ, ಆಗ ಆ ಚಕ್ರವನ್ನ ಕೆಳಗೆ ತಿರುಗಿಸುವುದನ್ನ ಯಾರೂ ಮಾಡಲ್ಲ, ದಯವಿಟ್ಟು ಮಾಡಿ.

ಚಾರ್ಮಾಡಿ ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬಿಳಿ ಗೋಡೆ ಎದ್ದ ಹಾಗೆ ಕಾಣುತ್ತೆ, ನೀರ ಹನಿಗಳು ಬೆಳಕನ್ನ ವಾಪಸ್ ಕಣ್ಣಿಗೇ ಎಸೆಯುತ್ತವೆ. ಫಾಗ್ ಲ್ಯಾಂಪ್ ಹಾಕುವ ಮನಸ್ಸಿದ್ದರೆ ಬಂಪರಿನಲ್ಲಿ ಅದಕ್ಕೆ ಕೊಟ್ಟ ಜಾಗದಲ್ಲೇ, ಕೆಳಗೆ ಕೂರಿಸಿ. ಅಗಲವಾಗಿ, ಚಪ್ಪಟೆಯಾಗಿ ಬೀಳುವ ಬೀಮ್ ಇರುವುದನ್ನ ಆರಿಸಿ. ಅದಕ್ಕೂ ಬೇರೆ ರಿಲೇ, ಬೇರೆ ಫ್ಯೂಸ್ ಹಾಕಿ, ಪಾರ್ಕಿಂಗ್ ಲೈಟ್ ಉರಿದಾಗ ಮಾತ್ರ ಹತ್ತುವ ಹಾಗೆ ಮಾಡಿ. ಮಂಜು ಮುಗಿದ ಮೇಲೆ ಆರಿಸಿ.

ಬಿಟಿಎಂ_ಸವಾರ

8 ಮೀಟರ್ ಅಳತೆ ಹಾಕಿ ನಿಂತು ನೋಡಿದೆ. ಕಣ್ಣಿಗೆ ಹೊಡೆಯುತ್ತೆ, ಒಪ್ಪುತ್ತೇನೆ. ಹ್ಯಾಲೊಜೆನ್ ವಾಪಸ್ ಹಾಕುತ್ತೇನೆ. ಆದರೆ ಇಂಡಿಕೇಟರಿಗೆ, ಹಿಂದಿನ ಬ್ರೇಕ್ ಲೈಟಿಗೆ ಹಾಕಿರುವ ಎಲ್‌ಇಡಿಯೂ ತೆಗೆಯಬೇಕಾ? ಎಲ್‌ಇಡಿ ಹಾಕಿದಾಗಿನಿಂದ ಇಂಡಿಕೇಟರ್ ಬೇಗ ಬೇಗ ಮಿಟುಕುತ್ತಿದೆ. ಇನ್ನೊಂದು, ಬ್ರೇಕ್ ಒತ್ತಿದಾಗ ಒಂದು ಕಡೆ ಇಂಡಿಕೇಟರ್ ಸಣ್ಣಗೆ ಉರಿಯುತ್ತೆ.

ಹಾಸನ_ವೈರಿಂಗ್

ನೋಡಿ ಬಂದು ಬರೆದಿದ್ದಕ್ಕೆ ತುಂಬಾ ಸಂತೋಷ ಸರ್. ಇಂಡಿಕೇಟರ್ ಬಲ್ಬು 21 ವ್ಯಾಟಿನದ್ದು. ಎಲ್‌ಇಡಿ ಎರಡು ಮೂರು ವ್ಯಾಟ್ ತಿನ್ನುತ್ತೆ, ಫ್ಲ್ಯಾಷರಿಗೆ ಬಲ್ಬು ಹೋಗಿದೆ ಅನಿಸಿ ಬೇಗ ಮಿಟುಕಿಸುತ್ತೆ. ನಿಮಿಷಕ್ಕೆ 60ರಿಂದ 120 ಸಲ ಮಿಟುಕಬೇಕು, ಅದಕ್ಕಿಂತ ಜಾಸ್ತಿ ಆಗಬಾರದು. ಕೆಲವರು 6 ಓಮ್, 50 ವ್ಯಾಟಿನ ರೆಸಿಸ್ಟರ್ ಸೇರಿಸುತ್ತಾರೆ. ಅದು ಕೈ ಸುಡುವಷ್ಟು ಕಾಯುತ್ತೆ. ತಗಡಿಗೆ ಬೋಲ್ಟ್ ಹಾಕದೆ ಪ್ಲಾಸ್ಟಿಕ್ ಬಂಪರಿಗೆ ಕಟ್ಟಿದರೆ ಬಂಪರ್ ಕರಗುತ್ತೆ. ಎಲ್‌ಇಡಿಯಿಂದ ಉಳಿಸಿದ ಕರೆಂಟನ್ನೆಲ್ಲ ರೆಸಿಸ್ಟರಿನಲ್ಲಿ ಸುಡುವುದಕ್ಕಿಂತ 21 ವ್ಯಾಟಿನ ಹಳೇ ಬಲ್ಬೇ ಹಾಕಿ.

ಬ್ರೇಕ್ ಲೈಟಿಗೆ ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಹಾಕಿದ್ದರೆ ಅದನ್ನೂ ತೆಗೆಯಿರಿ. ಬಿಳಿ ಎಲ್‌ಇಡಿ ಬೆಳಕಿನಲ್ಲಿ ಕೆಂಪಿನ ಪಾಲು ಕಮ್ಮಿ, ಗಾಜು ದಾಟಿ ಬರುವಾಗ ಗುಲಾಬಿ ಥರ ಮಂಕಾಗುತ್ತೆ. 21/5 ಬಲ್ಬಿನಲ್ಲಿ ಪಾರ್ಕಿಂಗ್ 5 ವ್ಯಾಟ್, ಬ್ರೇಕ್ 21 ವ್ಯಾಟ್, ಹಿಂದಿನವರಿಗೆ ಆ ವ್ಯತ್ಯಾಸ ಕಾಣಲೇಬೇಕು. ಎಷ್ಟೋ ಎಲ್‌ಇಡಿಯಲ್ಲಿ ಅದು ಕಾಣಲ್ಲ.

ಬ್ರೇಕ್ ಒತ್ತಿದಾಗ ಇಂಡಿಕೇಟರ್ ಉರಿಯುವುದಕ್ಕೂ ಎಲ್‌ಇಡಿಗೂ ಸಂಬಂಧ ಇಲ್ಲ, ಆ ಕಡೆಯ ಹಿಂದಿನ ಲೈಟಿನ ಅರ್ತ್ ಹೋಗಿದೆ. ಬ್ರೇಕ್ ಬಲ್ಬಿನ ಕರೆಂಟಿಗೆ ಅರ್ತ್ ಸಿಗದೆ ಪಕ್ಕದ ಬಲ್ಬಿನ ಒಳಗೆ ತೂರಿ ಅಲ್ಲಿಂದ ವಾಪಸ್ ಹೋಗುತ್ತೆ. ಡಿಕ್ಕಿ ತೆಗೆದು ಲೈಟಿನ ಸ್ಕ್ರೂ ಬಿಚ್ಚಿ, ಬಲ್ಬಿನ ಪ್ಲೇಟಿನಿಂದ ಬರುವ ಅರ್ತ್ ವೈರಿನ ಜಾಯಿಂಟ್ ನೋಡಿ. ಪ್ಲೇಟಿನ ಪಟ್ಟಿಗಳ ಮೇಲೆ ಬಿಳಿ ಪುಡಿ ಇದ್ದರೆ ಎಮರಿ ಪೇಪರಿನಲ್ಲಿ ಉಜ್ಜಿ. ಲೈಟಿನ ಸುತ್ತಲಿನ ರಬ್ಬರ್ ಒಡೆದಿದ್ದರೆ ಬದಲಿಸಿ, ನೀರು ಬಂದದ್ದು ಅಲ್ಲಿಂದಲೇ.